ಸೀಮೆ ಹುಳ ಮತ್ತು ನನ್ನ ಕಣ್ಣು

ಹೊಟ್ಟೆಕಿಚ್ಚು ಕಣ್ಣಿನಿಂದ ಹುಟ್ಟುತ್ತದೆ ಎಂದು ತಿಳಿದವರು ಹೇಳುತ್ತಾರೆ; ನನ್ನದು ಕಿವಿಯಿಂದ ಹುಟ್ಟಿತು. ನಡುಮನೆಯ ಮಣ್ಣುಗೋಡೆಗೆ ಬೆನ್ನು ಕೊಟ್ಟು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ಕೂತರೆ, ಗೋಡೆಯಾಚೆಯ ಮನೆಯ ರೇಷ್ಮೆಹುಳಗಳು ಎಲೆ ಮೇಯುವ ಸದ್ದು, ಒಣಹುಲ್ಲಿನ ಮೇಲೆ ಯಾರೋ ಬಿಡದೆ ನಡೆದಾಡುತ್ತಿರುವಂತೆ, ಸಣ್ಣಗೆ ಕೇಳುತ್ತಿತ್ತು. ನಮ್ಮ ಮನೆಯಲ್ಲೂ ಹುಳ ಇದ್ದವು, ಅವಕ್ಕೂ ಬಾಯಿತ್ತು, ಅವೂ ಮೇಯುತ್ತಿದ್ದವು. ಆದರೆ ಪಕ್ಕದ ಮನೆಯ ಸದ್ದೇ ನನಗೆ ದೊಡ್ಡದು. ಹುಳ ಎಲೆ ತಿನ್ನುವುದಕ್ಕೂ ಹೊಟ್ಟೆ ಉರಿದುಕೊಂಡವಳನ್ನು ಕಂಡು ನೀವು ನಗಬಹುದು. ನಗಿ, ಬೇಸರವಿಲ್ಲ.

ಗೋಡೆಯಾಚೆ ಇದ್ದವಳು ಕೆಂಪಮ್ಮ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎಂದೇ ಕರೆಯುವುದು. ಕನಕಪುರದಿಂದ ಕ್ಲೋಸ್‌ಪೇಟೆಗೆ, ಅಂದರೆ ಈಗ ನೀವು ರಾಮನಗರ ಎನ್ನುವ ಊರಿಗೆ ಹೋಗುವ ಗಾಡಿದಾರಿಯ ಬದಿಯ ಹಳ್ಳಿ ನಮ್ಮದು. ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾಗಿ ಮನೆಯ ನಡುವೆ ಗೋಡೆ ಎಬ್ಬಿಸಿಕೊಂಡರು. ಹೊಲ ಸಮ ಬಂತು, ದನ ಸಮ ಬಂತು, ಜಗಳವೂ ಹೆಚ್ಚುಕಡಿಮೆ ಸಮವೇ ಬಂತು. ಬಡಗಣ ದಿಕ್ಕಿನ ಕಿಟಕಿ ಮಾತ್ರ ಇದ್ದದ್ದೇ ಒಂದು, ಅದು ಅಕ್ಕನ ಕಡೆಗೆ ಹೋಯಿತು. ಆಗ ಅದನ್ನು ಯಾರೂ ಗಮನಿಸಲಿಲ್ಲ.

ಮಹಾರಾಜರ ಸರ್ಕಾರವೆಂದರೆ ತಾಯಿತಂದೆ ಎಂಬ ಮಾತು ನಮ್ಮಲ್ಲಿ ಬರಿಯ ಬಾಯುಪಚಾರವಾಗಿರಲಿಲ್ಲ. ಊರಿಗೆ ಸಿಹಿನೀರಿನ ಬಾವಿ ತೋಡಿಸಿದ್ದು ಅದೇ ಸರ್ಕಾರ. ಚನ್ನಪಟ್ಟಣದ ಸೋದರಮಾವನ ಮನೆಯಲ್ಲಿದ್ದುಕೊಂಡು ನಾನು ನಾಲ್ಕಕ್ಷರ ಕಲಿತ ಹೆಣ್ಣುಮಕ್ಕಳ ಶಾಲೆಯೂ ಅದರದೇ. ಆದ್ದರಿಂದ ರೇಷ್ಮೆಯ ಅಧಿಕಾರಿಯೊಬ್ಬರು ಬಂದು ಚಾವಡಿಯ ಮುಂದೆ ನಿಂತು, ಇನ್ನು ನಾಡಹುಳ ಬಿಡಿ, ಹೊರದೇಶದ ಹುಳದ ಬಿತ್ತನೆ ಮೊಟ್ಟೆ ತರಿಸಿದ್ದೇವೆ, ಗೂಡು ದಪ್ಪ, ನೂಲು ಉದ್ದ, ನಾಡು ಏಳಿಗೆಯಾಗುತ್ತದೆ ಎಂದಾಗ ಗಂಡಸರು ಹೂಂಗುಟ್ಟಿದ್ದು ಮನಸಾರೆ. "ಎಲ್ಲರಿಗೂ ಒಟ್ಟಿಗೆ ಕೊಡೋದಿಲ್ಲ. ಊರಿಗೊಂದು ಮಾದರಿ ಮನೆ. ಅದು ಮುಂದೆ ಬಂದದ್ದನ್ನ ನೋಡಿ ಪಕ್ಕದ ಮನೆಯವರಿಗೆ ತಾವೂ ಹಾಗಾಗಬೇಕು ಅನ್ನಿಸುತ್ತೆ. ಅಷ್ಟು ಅನ್ನಿಸಿದರೆ ನಮ್ಮ ಕೆಲಸ ಆದಂತೆ" ಎಂದರು ಅವರು. ಮಾದರಿ ಮನೆಗೆ ಗಾಳಿ ಬೆಳಕು ಬೇಕಾಗಿತ್ತು. ಕಿಟಕಿ ಇದ್ದದ್ದು ಅಕ್ಕನ ಮನೆಗೆ.

ಆಮೇಲೆ ಎಷ್ಟೋ ವರ್ಷ ನಾನು ಆ ಮಾತನ್ನು ಮೆಲುಕು ಹಾಕಿದ್ದೇನೆ. ನಾಡಿನ ಏಳಿಗೆಗೆಂದು ಸರ್ಕಾರ ಲೆಕ್ಕಕ್ಕೆ ಹಿಡಿದ ಬಂಡವಾಳಗಳಲ್ಲಿ ನನ್ನ ಹೊಟ್ಟೆಕಿಚ್ಚೂ ಒಂದು! ಬೇರೆ ಯಾವುದರ ವಿಷಯದಲ್ಲಿ ಅವರ ಅಂದಾಜು ತಪ್ಪಿತೋ ಕಾಣೆ, ಇದರಲ್ಲಿ ಮಾತ್ರ ತಪ್ಪಲಿಲ್ಲ. ಅಕ್ಕನ ಮನೆಗೆ ಬಿತ್ತನೆ ಬಂತು, ಸುಣ್ಣ ಬಂತು, ಗೋಡೆಗೆ ತೂಗುಹಾಕಲು ಸೆಕೆ ಅಳೆಯುವ ಗಾಜಿನ ಕಡ್ಡಿಯೊಂದು ಬಂತು. ಅದನ್ನು ನೋಡಲು ಪಕ್ಕದ ಹಳ್ಳಿಯಿಂದ ಜನ ಬಂದರು. ನನಗೂ ಸೆಕೆಯಾಗುತ್ತಿತ್ತು, ಅಳೆಯುವವರು ಯಾರೂ ಇರಲಿಲ್ಲ.

ಹುಳ ನಾಲ್ಕನೇ ಜ್ವರ ಮುಗಿಸಿ, ಅಂದರೆ ಕೊನೆಯ ಪೊರೆ ಕಳಚಿ ಎದ್ದು, ಗೂಡು ಕಟ್ಟುವ ಮುಂಚೆ ಬಿಡುವಿಲ್ಲದೆ ಮೇಯುವ ವಾರ ಅದು. ಆ ವಾರದ ಕೊನೆಗೆ ಒಂದು ಮಧ್ಯಾಹ್ನ ಗೋಡೆಯಾಚೆಯ ಸದ್ದು ತಗ್ಗಿದಂತೆ ಕೇಳಿಸಿತು. ಸೊಪ್ಪು ಸಾಲದೆ ಬಂದಿರಬೇಕು ಎಂದುಕೊಂಡು, ದೇವರಾಣೆ, ಖುಷಿಪಟ್ಟೆ. ಅಷ್ಟರಲ್ಲಿ ಅಕ್ಕನೇ ಬಾಗಿಲಿಗೆ ಬಂದಳು.

"ಪುಟ್ಟಿ, ಒಸಿ ಸೊಪ್ಪು ಕೊಡ್ತೀಯಾ? ನೀನೇ ತಂದು ಒಳಗಡೆ ತಟ್ಟೆಗೆ ಹಾಕ್ಬುಡು, ನಂಗೆ ಪುರಸೊತ್ತಿಲ್ಲ."

ಹುಳದ ಮನೆಗೆ ಹೊರಗಿನವರನ್ನು ಬಿಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಬಾಗಿಲಿಗೆ ಗೋಣಿತಾಟು, ಅದರ ಮೇಲೆ ಬೇವಿನ ಸೊಪ್ಪು. ತಪ್ಪಿ ಒಳಗೆ ಹೋದವರೂ ಹುಳ ನೋಡಿ ಚೆನ್ನಾಗಿವೆ ಎನ್ನಬಾರದು, ದೃಷ್ಟಿಯಾಗುತ್ತದೆ. ಇಷ್ಟು ದಿನ ತಾಟಿನ ಸಂದಿಯಿಂದಲೂ ಇಣುಕಲು ಬಿಡದವಳು ತಾನಾಗಿ ಕರೆದಳೆಂದು ನಾನು ಬುಟ್ಟಿ ಹೊತ್ತು ಓಡಿದೆ. ತಟ್ಟೆ ತುಂಬ ಹುಳ. ಮೈ ಬಿಗಿದು, ಉಬ್ಬಿ, ಮಿರಮಿರ ಹೊಳೆಯುತ್ತಿದ್ದವು. ನಮ್ಮ ನಾಡಹುಳಗಳ ಮೈಯಲ್ಲಿ ಆ ಹೊಳಪು ಕಂಡಿದ್ದರೆ ರೋಗ ಬಂತೆಂದು ಹೌಹಾರುತ್ತಿದ್ದೆ. ಸೀಮೆ ಹುಳವಲ್ಲವೇ, ಏಳಿಗೆ ಎಂದರೆ ಹೀಗೇ ಇರುತ್ತದೇನೋ ಎಂದುಕೊಂಡೆ. "ಏನ್ ದಪ್ಪ ಅವೆ ಕಣಕ್ಕಾ!" ಎಂದು ಬಾಯಿ ಜಾರಿತು.

ಎರಡು ದಿನಕ್ಕೆ ಆ ಹುಳಗಳೆಲ್ಲ ಕೊಳೆತು ನಾರಿದವು. ಅಕ್ಕ ಬೀದಿಯಲ್ಲಿ ನಿಂತು ಎದೆ ಬಡಿದುಕೊಂಡಳು. "ಇವಳ ಕಣ್ಣು ಬಿತ್ತು ಕಣ್ರವ್ವಾ! ದಪ್ಪ ಅವೆ ಅಂತ ಬಾಯಿಬುಟ್ಟು ಅಂದ್ಬುಟ್ಳು!" ನಾನು ಅಂದದ್ದು ನಿಜ, ಹೊಟ್ಟೆ ಉರಿದದ್ದೂ ನಿಜ, ಯಾವ ಬಾಯಲ್ಲಿ ಇಲ್ಲವೆನ್ನಲಿ? ಅಧಿಕಾರಿ ಬಂದು ಮೂಗಿಗೆ ಕರ್ಚೀಫು ಹಿಡಿದು ನೋಡಿ, ಸಾಕಣೆಯಲ್ಲಿ ಲೋಪ ಎಂದು ಬರೆದುಕೊಂಡು, ಗಾಜಿನ ಕಡ್ಡಿಯನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಅವರು ಅಕ್ಕನನ್ನು ದೂರಿದರು, ಅಕ್ಕ ನನ್ನನ್ನು, ನಾನು ಕಿಟಕಿಯನ್ನು. ಸರ್ಕಾರದ ಬಿತ್ತನೆಯನ್ನು ದೂರಬಹುದೆಂಬುದು ಯಾರಿಗೂ ಹೊಳೆಯಲಿಲ್ಲ.

ಆಮೇಲೆ ನಾನು ಬಾವಿಗೆ ಹೋದರೆ ಹೆಂಗಸರು ಸೆರಗಿನಲ್ಲಿ ಮಕ್ಕಳನ್ನು ಮುಚ್ಚಿಕೊಳ್ಳುತ್ತಿದ್ದರು. ಅದನ್ನೂ ಸಹಿಸಿದೆ. ಆದರೆ ಅಕ್ಕನ ಮಗಳು ಜಯ, ನಾನು ಮದುವೆಯಾಗಿ ಬಂದ ದಿನದಿಂದ ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗಿ, ಚೊಚ್ಚಲ ಹೆರಿಗೆಗೆ ಬಂದು ಗಂಡುಮಗು ಹೆತ್ತಳು; ನನ್ನನ್ನು ಕರೆಯಲಿಲ್ಲ. ತೊಟ್ಟಿಲು ಕಟ್ಟಿದ್ದು, ಹೆಸರಿಟ್ಟದ್ದು, ಎಲ್ಲ ಗೋಡೆಯಾಚೆಯಿಂದ ಕೇಳಿಸಿಕೊಂಡೆ. ಆ ಮಗುವನ್ನು ಒಂದು ಸಲ ಎತ್ತಿಕೊಳ್ಳಬೇಕು ಎನ್ನುವುದಕ್ಕಿಂತ ದೊಡ್ಡ ಆಸೆ ಆಗ ನನಗೆ ಬೇರೊಂದಿರಲಿಲ್ಲ.

ನಮ್ಮ ನಾಡಹುಳಗಳ ಗೂಡು ಕೊಳ್ಳಲು ಕ್ಲೋಸ್‌ಪೇಟೆಯಿಂದ ಕರೀಂ ಸಾಬರು ಬಂದರು. ನೂಲು ತೆಗೆಯುವ ಮನೆತನದವರು, ಊರೂರು ತಿರುಗಿದವರು. ನನ್ನ ಕಥೆ ಕೇಳಿ ಗಡ್ಡ ಸವರಿಕೊಂಡರು. "ಮಾಗಡಿ ಕಡೆನೂ ಮಾದರಿ ಮನೆ ಹುಳ ಹಿಂಗೇ ಸತ್ತೋದ್ವಮ್ಮ. ಚನ್ನಪಟ್ಣದ ಕಡೆನೂ ಹಿಂಗೇ. ಒಂದ್ಕಡೆ ನಾದಿನಿ ಕಣ್ಣು ಅಂತಾರೆ, ಒಂದ್ಕಡೆ ಅತ್ತೆ ಕಣ್ಣು ಅಂತಾರೆ. ಅಲ್ಲಾ, ಒಂದೇ ವಾರದಾಗೆ ಇಷ್ಟೊಂದು ಕೆಟ್ಟ ಕಣ್ಣು ಎಲ್ಲಿಂದ ಬಂದ್ವಮ್ಮ?"

ನಾನು ಯಾರಿಗೂ ಹೇಳುವ ಮುಂಚೆಯೇ ಆ ಪ್ರಶ್ನೆ ಚಾವಡಿ ತಲುಪಿತು. ಮುಂದಿನ ಬೆಳೆಗೆ ಅಧಿಕಾರಿ ಮತ್ತೆ ಬಂದಾಗ ಯಾರೂ ಚಾಪೆ ಹಾಸಲಿಲ್ಲ. ಈ ಬಾರಿ ಹೊಸ ಬಿತ್ತನೆ, ಹೊಸ ಮಾದರಿ ಮನೆ ಎಂದು ಅವರು ಹೇಳುತ್ತಿದ್ದರೆ ಗಂಡಸರು ನೆಲ ನೋಡುತ್ತ ಕೂತರು. ಕೊನೆಗೆ ನಮ್ಮ ಭಾವನೇ, ಅಕ್ಕನ ಗಂಡನೇ, ಎದ್ದು ನಿಂತ. "ಈ ಸಲ ಯಾರ ಮನೆ ನೋಡಿ ಹೊಟ್ಟೆ ಉರ್ಕೋಬೇಕು ಅಂತ ಅಪ್ಪಣೆ ಕೊಡಿಸ್ಬುಡಿ ಬುದ್ಧಿ, ಮೊದಲೇ ಗೊತ್ತಿದ್ರೆ ಒಳ್ಳೇದು" ಎಂದ. ಯಾರೂ ನಗಲಿಲ್ಲ. ತಾಯಿತಂದೆಯನ್ನು ಕಳೆದುಕೊಂಡ ಮನೆಯಲ್ಲಿ ಯಾರು ನಗುತ್ತಾರೆ?

ಮಾರನೆಯ ಬೆಳಿಗ್ಗೆ ಎದೆ ಗಟ್ಟಿಮಾಡಿಕೊಂಡು ಅಕ್ಕನ ಹಿತ್ತಲಿಗೆ ಹೋದೆ. ಅವಳು ಕಾಲು ಚಾಚಿ ಕೂತು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಸಾಬರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ನನ್ನ ಕಣ್ಣಿನದು ತಪ್ಪಿಲ್ಲವೆಂದು ಈಗಲಾದರೂ ಒಪ್ಪಿಕೋ ಎಂದೆ.

"ನಂಗೆ ಆಗ್ಲೇ ಗೊತ್ತಿತ್ತು ಕಣೆ" ಎಂದಳು ಅಕ್ಕ, ತಲೆ ಎತ್ತದೆ. "ನೀನು ಬರೋಕೆ ಐದು ದಿನ ಮುಂಚಿಂದ ಸಾಯ್ತಿದ್ವು. ಸತ್ತಿದ್ದನ್ನ ಕಸದಡಿ ಮುಚ್ಚಿ ತಿಪ್ಪೆಗೆ ಹಾಕ್ತಿದ್ದೆ. ಸರ್ಕಾರ ನಂಬಿ ಕೊಟ್ಟೈತೆ, ಕೈಲಾಗದವಳು ಅಂತ ಊರು ಅನ್ನಲ್ವಾ? ಅದಕ್ಕೇ ನಿನ್ನ ಒಳಕ್ಕೆ ಕರೆದೆ."

ಕೋಪ ಬರಬೇಕಾಗಿತ್ತು, ಬರಲಿಲ್ಲ. ಸಾಯುವ ಹುಳಗಳ ನಡುವೆ ಒಬ್ಬಳೇ ಕೂತವಳ ಮೇಲೆ ಆ ಐದು ದಿನವೂ ಹೊಟ್ಟೆ ಉರಿದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಅಷ್ಟರಲ್ಲಿ ಅಕ್ಕ ಎಣ್ಣೆಗೂಸನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು. ಬೇಲಿಯಾಚೆ ಬಾವಿಗೆ ಹೊರಟ ಹೆಂಗಸರು ನಿಂತು ನೋಡುತ್ತಿದ್ದರು. ನನಗೋ ಧೈರ್ಯ ಸಾಲದು. ಸರ್ಕಾರದ ಮೇಲಿನ ನಂಬಿಕೆ ಹೋಗಿತ್ತು, ನನ್ನ ಕಣ್ಣಿನ ಮೇಲಿನದು ಇನ್ನೂ ಹೋಗಿರಲಿಲ್ಲ. ಕಣ್ಣು ಮುಚ್ಚಿಕೊಂಡು, "ಬ್ಯಾಡ ಕಣಕ್ಕಾ, ನಂಗೆ ಈಗ್ಲೂ ಹೊಟ್ಟೆ ಉರೀತದೆ" ಎಂದೆ.

"ಉರೀಲಿ ಬುಡು" ಎಂದಳು ಅಕ್ಕ. "ಆ ಐದು ದಿನ ನಿನ್ನ ಮೇಲೆ ನಂಗೆಷ್ಟು ಉರೀತಿತ್ತು ಗೊತ್ತಾ? ನಿನ್ನ ಹುಳ ಬದುಕಿದ್ವು."

ನಾನು ಕಣ್ಣು ಬಿಟ್ಟು ಮಗುವನ್ನು ನೋಡಿದೆ.