ಮೀನುತೊಟ್ಟಿಯ ನೀರಿನ ಸದ್ದು

ವರ್ಲೀನ್ ಟಿಡ್‌ಮೋರ್ ಬೆಳಗಿನ ಕಾಫಿಗೂ ಮೊದಲು ಮಾಡುವ ಕೆಲಸವೊಂದಿದೆ. ಹಿತ್ತಿಲ ಬಾಗಿಲು ತೆರೆದು, ಕೆರೆಗೆ ಚಾಚಿದ ಹಲಗೆಯ ಮೇಲೆ ನಡೆದು, ಅದರ ತುದಿಗೆ ಕಟ್ಟಿದ ದೋಣಿಗೆ ಇಳಿಯುತ್ತಾಳೆ. ಹಿಂಭಾಗದಲ್ಲಿ, ಹಿಡಿದ ಮೀನನ್ನು ಜೀವಂತ ಇಡುವ ಮೀನುತೊಟ್ಟಿಯ ಮುಚ್ಚಳ ಎತ್ತಿ ಪಂಪಿನ ಸ್ವಿಚ್ಚು ಒತ್ತುತ್ತಾಳೆ. ಒಳಗೆ ನೀರು ಚಿಮ್ಮುವ ಸದ್ದಿಗೆ ಕಿವಿಗೊಟ್ಟು ಇಪ್ಪತ್ತರವರೆಗೆ ಎಣಿಸುತ್ತಾಳೆ. "ದೇವರೇ, ಇವತ್ತು ನನ್ನ ಕೈಗೆ ಕೊಟ್ಟ ಜೀವಾನ ಜೀವವಾಗೇ ವಾಪಸ್ ಕೊಡೋ ಹಾಗೆ ಮಾಡು" ಎಂದು ಹೇಳಿಕೊಂಡು ಸ್ವಿಚ್ಚು ಆರಿಸುತ್ತಾಳೆ. ಮೀನು ಹಿಡಿಯಲು ಹೋಗುವ ದಿನವಿರಲಿ, ಶಾಲೆಯ ಹದಿನೇಳನೇ ನಂಬರಿನ ಬಸ್ಸು ಓಡಿಸುವ ದಿನವಿರಲಿ, ಗಂಡ ಲೆಮ್‌ನನ್ನು ಮಣ್ಣು ಮಾಡಿದ ದಿನವೂ ಇರಲಿ, ಇದು ತಪ್ಪಿಲ್ಲ. ಇಪ್ಪತ್ತೆಂಟು ವರ್ಷ ಆಯಿತು.

ಇದನ್ನು ಕಲಿಸಿದವಳು ಓಪಲ್ ಹಾರ್ಗೆಟ್. ಉತ್ತರ ಅಲಬಾಮಾದ ನಮ್ಮ ಈ ಕೆರೆಯ ಮೇಲೆ ಬಾಸ್ ಮೀನಿನ ಪಂದ್ಯಕ್ಕೆ ಇಳಿದ ಮೊದಲ ಹೆಂಗಸು ಓಪಲ್. ದೋಣಿಗೆ ಹೆಂಗಸು ಹತ್ತಿದರೆ ಮೀನು ಓಡಿಹೋಗುತ್ತದೆ ಎಂದು ಗಂಡಸರು ಹೇಳುತ್ತಿದ್ದ ಕಾಲ. ಅರ್ಜಿಯಲ್ಲಿ ಬರೀ "ಓ. ಹಾರ್ಗೆಟ್" ಎಂದು ಬರೆದು ಹಣ ಕಟ್ಟಿದಳು. ಪಂದ್ಯದ ಬೆಳಿಗ್ಗೆ ಹೂವಿನ ಸ್ಕಾರ್ಫ್ ಕಟ್ಟಿಕೊಂಡು ಬಂದು ನಿಂತಾಗ ಹಿಂದಕ್ಕೆ ಕಳಿಸುವ ನಿಯಮ ಯಾರ ಪುಸ್ತಕದಲ್ಲೂ ಇರಲಿಲ್ಲ. ಆ ದಿನ ಅವಳು ಮೂರನೆಯವಳಾಗಿ ಬಂದಳು.

ದಡದಲ್ಲಿ ಅವಳದೊಂದು ಅಂಗಡಿಯಿತ್ತು. ಎರೆಹುಳು, ಗಾಳ, ಬನ್ನಿನಂಥ ಬಿಸಿ ಬಿಸ್ಕತ್ತು, ಸಾಸೇಜು. ವರ್ಲೀನಳ ಬಸ್ಸು ಒಮ್ಮೆ ಆ ಅಂಗಡಿಯ ಮುಂದೆ ಕೆಟ್ಟು ನಿಂತಿತು. ಮಕ್ಕಳಿಗೆಲ್ಲ ಬಿಸ್ಕತ್ತು ಹಂಚಿದ ಓಪಲ್, ಬೇರೆ ಬಸ್ಸು ಬರುವವರೆಗೆ ಸುಮ್ಮನೆ ಕೂರಬೇಡವೆಂದು ಇಪ್ಪತ್ತೊಂಬತ್ತರ ವರ್ಲೀನಳ ಕೈಗೆ ಗಾಳದ ಕೋಲು ಕೊಟ್ಟಳು. ಅಲ್ಲಿಂದ ಶುರುವಾಯಿತು. ಗಂಟು ಹಾಕುವುದು, ನೀರುಹುಲ್ಲಿನ ಅಂಚು ಓದುವುದು, ಗಾಳಿ ತಿರುಗುವ ಮುಂಚೆಯೇ ದೋಣಿ ತಿರುಗಿಸುವುದು, ಎಲ್ಲವೂ ಓಪಲ್‌ಳ ವಿದ್ಯೆ. ಹಿಡಿದ ಮೀನನ್ನು ಸಾಯಗೊಡದೆ ತೂಕಕ್ಕೆ ತಂದು, ತೂಗಿ, ಮತ್ತೆ ಕೆರೆಗೆ ಬಿಡುವುದು ಈ ಆಟದ ಮರ್ಯಾದೆ. ಸತ್ತ ಮೀನೊಂದಕ್ಕೆ ಒಟ್ಟು ತೂಕದಲ್ಲಿ ನಾಲ್ಕು ಔನ್ಸು ದಂಡ. "ದಂಡ ಗಂಡಸರಿಗೆ ಕಣೇ, ನಮಗೆ ನಾಚಿಕೆ ಸಾಕು" ಎನ್ನುತ್ತಿದ್ದಳು ಓಪಲ್.

ವರ್ಲೀನ್ ಸುತ್ತಮುತ್ತಲ ಆರು ಕೌಂಟಿಗಳಲ್ಲಿ ಹೆಸರು ಮಾಡಿದಳು. ಅವಳ ಬಸ್ಸಿನಲ್ಲಿ ಕೂತು ಬೆಳೆದ ಹೆಣ್ಣುಮಕ್ಕಳು ಹೈಸ್ಕೂಲಿನ ಮೀನುಗಾರಿಕೆ ತಂಡ ಕಟ್ಟಿಕೊಂಡು ಅಂಗಿಯ ಬೆನ್ನಿಗೆ ಹದಿನೇಳು ಎಂದು ಹೊಲಿಸಿಕೊಂಡರು. ಒಂದು ಮಾತ್ರ ಒದಗಿರಲಿಲ್ಲ: ದೇಶದ ಮಹಾಪಂದ್ಯ. ಈ ಕೆರೆಯಿಂದ ಯಾವ ಹೆಂಗಸೂ ಅಲ್ಲಿಗೆ ಹೋಗಿಲ್ಲ. ವಲಯದ ಪಂದ್ಯ ಗೆದ್ದವರಿಗೆ ಮಾತ್ರ ಅಲ್ಲಿ ಜಾಗ. ಈ ವರ್ಷ ಆ ವಲಯದ ಪಂದ್ಯ ನಮ್ಮ ಕೆರೆಯಲ್ಲೇ ಇತ್ತು. ವರ್ಲೀನಳಿಗೆ ಐವತ್ತೇಳು. ಓಪಲ್‌ಗೆ ಎಂಬತ್ತಾರು, ಎದೆಯಲ್ಲಿ ನೀರು ತುಂಬುವ ಕಾಯಿಲೆ.

"ನಾನು ಮಣ್ಣಿಗೆ ಹೋಗೋದು ಮೊದಲೋ, ನೀನು ಅಲ್ಲಿಗೆ ಹೋಗೋದು ಮೊದಲೋ, ಯಾವುದಾದರೂ ಒಂದು ಹೇಳಿಬಿಡು" ಎಂದಿದ್ದಳು ಓಪಲ್, ಹಿಂದಿನ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ. "ಡಾಕ್ಟರಿಗೂ ಲೆಕ್ಕ ಕೊಡಬೇಕು."

"ಚರ್ಚಿನ ಮುಂದೆ ನಿಂತು ಎಂಥ ಮಾತು ಮಿಸ್ ಓಪಲ್!"

"ಇನ್ನೆಲ್ಲಿ ನಿಂತು ಆಡ್ಲಿ? ಕೇಳಿಸ್ಕೊಳ್ಳೋನು ಇಲ್ಲೇ ಇದಾನಲ್ಲ."

ಮೊದಲ ದಿನದ ತೂಕ ಮುಗಿದಾಗ ವರ್ಲೀನ್ ಎರಡನೆಯ ಸ್ಥಾನದಲ್ಲಿದ್ದಳು. ಎರಡನೆಯ ದಿನ ಚೀಟಿ ಎತ್ತಿದಾಗ ಅವಳ ದೋಣಿಗೆ ಜೊತೆಗಾರ್ತಿಯಾಗಿ, ಮೀನಿನ ಲೆಕ್ಕ ಬರೆದುಕೊಳ್ಳಲು ಬಂದವಳು ಮಕೇಲಾ. ಚಿಕ್ಕಂದಿನಲ್ಲಿ ಅದೇ ಬಸ್ಸಿನ ಮೂರನೇ ಸೀಟಿನಲ್ಲಿ ಕೂರುತ್ತಿದ್ದವಳು, ಈಗ ಆಸ್ಪತ್ರೆಯಲ್ಲಿ ನರ್ಸ್.

"ಮಿಸ್ ವರ್ಲೀನ್, ರಾತ್ರಿಯೆಲ್ಲ ನಿದ್ದೆ ಬಂದಿಲ್ಲ. ನಿಮ್ಮ ದೋಣಿಯ ಹಿಂದಿನ ಸೀಟು!"

"ಬಸ್ಸಲ್ಲೂ ಹಿಂದಿನ ಸೀಟಿಗೇ ಜಗಳ ಆಡ್ತಿದ್ದೆ. ಬಾ, ಕೂತ್ಕೋ. ಕಿಟಕಿಯಿಂದ ಕೈ ಹೊರಗೆ ಹಾಕಬೇಡ."

ಹತ್ತು ಗಂಟೆಯ ಹೊತ್ತಿಗೆ ವರ್ಲೀನಳ ತೊಟ್ಟಿಯಲ್ಲಿ ಐದು ಮೀನುಗಳಿದ್ದವು. ನಿಯಮದಂತೆ ಅಷ್ಟೇ, ಆರನೆಯದು ಸಿಕ್ಕರೆ ಚಿಕ್ಕದನ್ನು ಬಿಟ್ಟು ದೊಡ್ಡದನ್ನು ಇಟ್ಟುಕೊಳ್ಳಬಹುದು. ಗಾಳಿ ಎದ್ದಿತ್ತು. ಕೆರೆಯ ನಡುವೆ ಅಲೆ ಹಾಯ್ದು ಆಚೆ ದಡಕ್ಕೆ ಹೋಗಬೇಕಾದರೆ, ಕುಲುಕಾಟಕ್ಕೆ ತೊಟ್ಟಿಯ ನೀರು ಬರಿದಾಗದಂತೆ ಪಂಪು ನಿಲ್ಲಿಸಿ ಕಿಂಡಿ ಮುಚ್ಚುತ್ತಾರೆ. ತಲುಪಿದ ಮೇಲೆ ಮತ್ತೆ ಚಾಲೂ ಮಾಡುತ್ತಾರೆ. ವರ್ಲೀನ್ ಹಾಗೆಯೇ ನಿಲ್ಲಿಸಿದಳು.

ಆಚೆ ದಡದ ನೀರುಹುಲ್ಲಿನ ಅಂಚಿನಲ್ಲಿ ಕೆರೆ ಕುದಿಯುತ್ತಿತ್ತು. ಸಣ್ಣ ಮೀನುಗಳ ಹಿಂಡು ನೀರಿನಿಂದ ಮೇಲಕ್ಕೆ ಹಾರುತ್ತಿತ್ತು. ಕೆಳಗಿನಿಂದ ಬಾಸ್‌ಗಳು ಅಟ್ಟಿಸಿಕೊಂಡು ಬರುತ್ತಿದ್ದವು. ಅಂಥದ್ದನ್ನು ಕಂಡ ಗಾಳಗಾರನ ಕೈ ಬೇರೆ ಯಾವುದರ ಕಡೆಗೂ ಹೋಗುವುದಿಲ್ಲ. ಎಂಜಿನ್ ಆರುವ ಮೊದಲೇ ವರ್ಲೀನಳ ಕೈಯಲ್ಲಿ ಕೋಲು ಇತ್ತು.

ಮುಕ್ಕಾಲು ಗಂಟೆಯ ಮೇಲೆ ದಾರ ಎಳೆಯಿತು. ದೊಡ್ಡದು. ಮಕೇಲಾ ಬಲೆ ಹಾಕಿ ಎತ್ತಿದಾಗ ಇಬ್ಬರೂ ಸಣ್ಣ ಹುಡುಗಿಯರಂತೆ ಕಿರುಚಿದರು. ಆರು ಪೌಂಡಿಗೆ ಕಮ್ಮಿಯಿಲ್ಲ. ನಗುತ್ತಲೇ ವರ್ಲೀನ್ ತೊಟ್ಟಿಯ ಮುಚ್ಚಳ ಎತ್ತಿದಳು.

ಸದ್ದಿರಲಿಲ್ಲ.

ನಾಲ್ಕು ಮೀನು ಬಾಯಿ ಮೇಲೆತ್ತಿ ಏದುಸಿರು ಬಿಡುತ್ತಿದ್ದವು. ಐದನೆಯದು, ಎಲ್ಲಕ್ಕಿಂತ ಚಿಕ್ಕದು, ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿತ್ತು. ವರ್ಲೀನ್ ಸ್ವಿಚ್ಚು ಒತ್ತಿದಳು. ನೀರು ಚಿಮ್ಮಿತು. ನಾಲ್ಕೂ ಮೆಲ್ಲಮೆಲ್ಲಗೆ ರೆಕ್ಕೆ ಆಡಿಸಿದವು. ಐದನೆಯದನ್ನು ಅಂಗೈಯಲ್ಲಿ ಹಿಡಿದು ನೀರಿನ ಧಾರೆಗೆ ಒಡ್ಡಿದಳು, ಎಷ್ಟೋ ಹೊತ್ತು. ಕಣ್ಣು ಬಿಳಿಚಿತ್ತು.

ಸತ್ತ ಮೀನನ್ನು ಬಿಸಾಡಿ ಬೇರೆಯದನ್ನು ಇಟ್ಟುಕೊಳ್ಳುವಂತಿಲ್ಲ. ದೊಡ್ಡದಕ್ಕೆ ಜಾಗ ಮಾಡಬೇಕಾದರೆ ಬದುಕಿರುವ ಇನ್ನೊಂದನ್ನು, ಮೂರು ಪೌಂಡಿನದನ್ನು, ಕೆರೆಗೆ ಬಿಡಬೇಕು. ಎರಡು ಪೌಂಡಿನ ಸತ್ತದ್ದನ್ನು ಒಯ್ಯಬೇಕು. ಮೇಲೆ ದಂಡ. ಸುತ್ತ ಒಂದು ಮೈಲಿಯಲ್ಲಿ ಯಾವ ದೋಣಿಯೂ ಇರಲಿಲ್ಲ.

ಮಕೇಲಾ ಬೆನ್ನು ತಿರುಗಿಸಿ ನಿಂತಳು. "ಆ ಮರದ ಮೇಲೆ ಹದ್ದಿನ ಗೂಡಿದೆ ಮಿಸ್ ವರ್ಲೀನ್. ನಾನು ಅದನ್ನೇ ನೋಡ್ತಿದೀನಿ. ಸುಮಾರು ಹೊತ್ತು ನೋಡ್ತೀನಿ."

"ಈ ಕಡೆ ತಿರುಗು ಮರಿ," ಎಂದಳು ವರ್ಲೀನ್. "ಮೂರು ಪೌಂಡಿನದನ್ನ ಬಿಡ್ತಿದೀನಿ, ನೋಡು. ನಿನ್ನ ಲೆಕ್ಕದ ಚೀಟಿಯಲ್ಲಿ ಬರ್ಕೋ."

ಮಕೇಲಾ ಬರೆದುಕೊಂಡಳು. ಅವಳ ಕಣ್ಣು ತುಂಬಿತ್ತು. ಮೂರು ಪೌಂಡಿನ ಮೀನು ಬಾಲ ಬಡಿದು ಹಸಿರಿನೊಳಗೆ ಮರೆಯಾಯಿತು.

ಸಂಜೆ ನಾಲ್ಕಕ್ಕೆ ದಡದಲ್ಲಿ ತೂಕ. ವರ್ಲೀನ್ ವೇದಿಕೆ ಹತ್ತಿ ಚೀಲದಿಂದ ಮೊದಲು ಸತ್ತ ಮೀನನ್ನೇ ತೆಗೆದು ತಟ್ಟೆಯ ಮೇಲಿಟ್ಟು, "ಒಂದು ಹೋಗಿದೆ" ಎಂದಳು. ಅದರ ಹಿಂದೆ ಆರು ಪೌಂಡಿನದು ಬಂದಾಗ ಹದಿನೇಳರ ಅಂಗಿ ತೊಟ್ಟ ಹುಡುಗಿಯರು ಗಂಟಲು ಹರಿಯುವಂತೆ ಕೂಗಿದರು. ಎರಡು ದಿನದ ಮೊತ್ತ ಮೂವತ್ತೆಂಟು ಪೌಂಡು ಎಂಟು ಔನ್ಸು. ದಂಡ ಕಳೆದು ಮೂವತ್ತೆಂಟು, ನಾಲ್ಕು. ಜಾರ್ಜಿಯಾದಿಂದ ಬಂದವನದು ಮೂವತ್ತೆಂಟು, ಆರು.

ಎರಡು ಔನ್ಸು. ಒಂದು ಕೋಳಿಮೊಟ್ಟೆಯಷ್ಟು.

ಓಪಲ್ ಓಕ್ ಮರದ ನೆರಳಿನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದಳು. ವರ್ಲೀನ್ ಹೋಗಿ ಅವಳ ಕಾಲ ಬಳಿ ಹುಲ್ಲಿನ ಮೇಲೆ ಕೂತಳು.

"ಪಂಪಿಗೆ ಏನಾಯ್ತೇ?"

"ಏನೂ ಆಗಿಲ್ಲ. ಆಚೆ ದಡದಲ್ಲಿ ಮೀನು ಕುದೀತಿತ್ತು. ಚಾಲೂ ಮಾಡೋದು ಮರ್ತೆ."

ಓಪಲ್ ಕೆರೆಯ ಕಡೆ ತಿರುಗಿದಳು. "ನಾನು ಐದನ್ನೂ ಕೊಂದಿದ್ದೆ," ಎಂದಳು.

"ಯಾವಾಗ?"

"ನಿನ್ನ ಬಸ್ಸು ಕೆಡೋದಕ್ಕೂ ನಾಲ್ಕು ವರ್ಷ ಮುಂಚೆ. ಹೀಗೇ, ಮರ್ತು. ಚೀಲ ಹೊತ್ಕೊಂಡು ವೇದಿಕೆ ಹತ್ತಿದ್ರೆ ಗಂಡಸರೆಲ್ಲ ನಕ್ಕರು. ಮಾರನೇ ದಿನ ಬೆಳಿಗ್ಗೆಯಿಂದ ಸ್ವಿಚ್ಚು ಒತ್ತೋಕೆ ಶುರು ಮಾಡ್ದೆ. ನಿಂಗೆ ಕಲಿಸ್ದೆ, ಯಾಕೆ ಅಂತ ಮಾತ್ರ ಹೇಳ್ಲಿಲ್ಲ. ಜಂಬ ಕಣೇ." ಅವಳು ಕೈಯನ್ನು ವರ್ಲೀನಳ ಟೋಪಿಯ ಮೇಲಿಟ್ಟಳು. "ಐದನ್ನೂ ಕೊಂದೋಳ ಶಿಷ್ಯೆ ಒಂದೇ ಒಂದನ್ನ ಕೊಂದಿದ್ದಾಳೆ. ಅದನ್ನೂ ಎಲ್ಲಾರ್ಗಿಂತ ಮುಂಚೆ ತೆಗೆದು ಇಟ್ಟಳು. ನಾನು ಇಲ್ಲಿಂದ್ಲೇ ನೋಡ್ದೆ."

ವರ್ಲೀನ್ ತಲೆ ಎತ್ತಲಿಲ್ಲ. ಎತ್ತಿದರೆ ಅತ್ತುಬಿಡುತ್ತಿದ್ದಳು.

ಅಷ್ಟರಲ್ಲಿ ಪಂದ್ಯದ ಮುಖ್ಯಸ್ಥ ಹಾಯ್ಟ್ ಪ್ಲಂಕೆಟ್ ಒಂದು ಹಾಳೆ ಹಿಡಿದು ಬಂದ. ವರ್ಲೀನಳ ಜೊತೆ ಒಂದೇ ತರಗತಿಯಲ್ಲಿ ಓದಿದವನು. ಓಪಲ್‌ಳ ಅಂಗಡಿಯಲ್ಲಿ ಬಿಸ್ಕತ್ತು ತಿಂದು ದೊಡ್ಡವನಾದವನು. ಬಗ್ಗಿ, ದನಿ ತಗ್ಗಿಸಿ ಹೇಳಿದ: "ವರ್ಲೀನ್, ಕೇಳು. ಯಂತ್ರ ಕೆಟ್ಟು ಮೀನು ಸತ್ತರೆ ದಂಡ ಇಲ್ಲ ಅಂತ ನಿಯಮ ಇದೆ. ಹದಿನಾಲ್ಕನೇದು. ಪಂಪು ಕೆಟ್ಟಿತ್ತು ಅಂತ ಒಂದು ಸಾಲು ಬರೆದು ಕೊಡು. ನಾನು ರುಜು ಹಾಕ್ತೀನಿ. ನಾಲ್ಕು ಔನ್ಸು ವಾಪಸ್ ಬರುತ್ತೆ. ನೀನೇ ಹೋಗ್ತೀಯ."

"ಜಾರ್ಜಿಯಾದವನು?"

"ಅವನಿಗಿನ್ನೂ ಮೂವತ್ತು. ಮುಂದಿನ ವರ್ಷ ಬರ್ತಾನೆ, ಅದರ ಮುಂದಿನ ವರ್ಷಾನೂ ಬರ್ತಾನೆ." ಹಾಯ್ಟ್ ಕುರ್ಚಿಯ ಕಡೆ ಕಣ್ಣು ಹಾಯಿಸಿ ತಕ್ಷಣ ಹಿಂದಕ್ಕೆ ತೆಗೆದುಕೊಂಡ. "ಎಲ್ಲರಿಗೂ ಮುಂದಿನ ವರ್ಷ ಇರಲ್ಲ. ಹಳೇ ದೋಣಿ ನಿಂದು. ಯಾರೂ ಕೇಳಲ್ಲ ಕಣೇ."

ಓಪಲ್ ತನ್ನ ಕೈಯನ್ನು ಟೋಪಿಯ ಮೇಲಿಂದ ತೆಗೆಯಲಿಲ್ಲ.

ವರ್ಲೀನ್ ಹಾಳೆ ತೆಗೆದುಕೊಂಡು ಪೂರ್ತಿ ಓದಿದಳು. ಹಾಯ್ಟ್ ಜೇಬಿನಿಂದ ಪೆನ್ನು ತೆಗೆದು ಮುಂದೆ ಹಿಡಿದ. ಅವಳು ಹಾಳೆಯನ್ನು ನೀಟಾಗಿ ಎರಡು ಮಡಿಕೆ ಮಾಡಿ ಅವನ ಅಂಗಿಯ ಜೇಬಿಗೇ ತುರುಕಿದಳು.

"ಪಂಪು ಚೆನ್ನಾಗಿದೆ ಹಾಯ್ಟ್," ಎಂದಳು. "ಇವತ್ತು ಬೆಳಿಗ್ಗೆ ಇಪ್ಪತ್ತು ಎಣಿಸೋವರೆಗೂ ಕೇಳಿಸ್ಕೊಂಡಿದೀನಿ."