ಎಡಹುಬ್ಬು

ಬೋಟು ಹೊರಡುವ ಕೊನೆಯ ಗಳಿಗೆಯವರೆಗೂ ಜೆಟ್ಟಿಯ ಮೇಲೆ ಕಲ್ಲಿನಂತೆ ನಿಂತು, ಹಗ್ಗ ಬಿಚ್ಚುತ್ತಿದ್ದಂತೆ ಟಣ್ಣನೆ ಹಾರಿ ಒಳಬೀಳುವುದು ನನ್ನ ಹಳೆಯ ಚೇಷ್ಟೆ. ಬ್ಯಾಂಕಿನ ಕೆಲಸಕ್ಕೆಂದು ಮೈಸೂರಿನಿಂದ ಫೋರ್ಟ್ ಕೊಚ್ಚಿಗೆ ಬಂದಾಗಿನಿಂದ ಹೆಂಡತಿಯನ್ನು ಹೀಗೆ ಹೆದರಿಸುತ್ತಿದ್ದೆ. ಇಷ್ಟು ಚೆನ್ನಾಗಿ ಕಲ್ಲಾಗುವವನು ಈ ಕರಾವಳಿಯಲ್ಲೇ ಇನ್ನೊಬ್ಬನಿಲ್ಲ. ಅವಳಿಗಿದ್ದ ಸುಳಿವು ಒಂದೇ: ಹಾರುವ ಮುಂಚೆ ನನ್ನ ಎಡಹುಬ್ಬು ಮೇಲೇಳುತ್ತಿತ್ತು.

ಪಾರ್ಕಿನ್ಸನ್ ಎಂದು ತಿರುವನಂತಪುರದ ಡಾಕ್ಟರು ಹೇಳಿದಾಗ ಅವಳೂ ಪಕ್ಕದಲ್ಲಿದ್ದಳು. ಅವಳು ಮಾತ್ರೆ ತರಲು ಹೋದ ಮೇಲೆ ಹೇಳಿದ್ದನ್ನು ಮಾತ್ರ ನಾನು ಬಚ್ಚಿಟ್ಟೆ. ಬಾಗಿಲು, ಇಕ್ಕಟ್ಟಿನ ಜಾಗ ಬಂದಾಗ ಕಾಲು ನೆಲಕ್ಕೆ ಅಂಟಿಕೊಳ್ಳಬಹುದಂತೆ. ಕಾಲಿನ ಶಕ್ತಿ ಹೋಗಿರುವುದಿಲ್ಲ. ಹೆಜ್ಜೆ ಶುರುಮಾಡು ಎಂದು ಮಿದುಳು ಕೊಡುವ ಅಪ್ಪಣೆ ದಾರಿಯಲ್ಲೇ ನಿಂತುಬಿಡುತ್ತದಂತೆ. ಆಗ ಕಣ್ಣೆದುರು ದಾಟಲು ಏನಾದರೂ ಅಡ್ಡ ಕಂಡರೆ ಕಾಲು ಏಳುವುದೂ ಉಂಟಂತೆ. ಮುಖದ ಸಣ್ಣಪುಟ್ಟ ಚಲನೆಗಳೂ ಅಡಗುತ್ತವೆ ಎಂದರು. ನನ್ನ ಮುಖಕ್ಕೆ ಅದು ಅನ್ವಯಿಸುವುದಿಲ್ಲ ಎಂದುಕೊಂಡೆ.

"ಬೋಟಿಗೆ ಒಬ್ಬರೇ ಹೋಗಬೇಡಿ" ಎಂದೂ ಹೇಳಿದರು. ಅದು ಹೆಂಡತಿಗೆ ಗೊತ್ತಾಗಿದ್ದರೆ, ಸಂಜೆ ಎರ್ನಾಕುಳಂಗೆ ಹೋಗಿ ಹಳೆಯ ಗೆಳೆಯರನ್ನು ಗೋಳುಹೊಯ್ದುಕೊಳ್ಳುವ ನನ್ನ ಸುಖ ಅಂದಿಗೇ ಮುಗಿಯುತ್ತಿತ್ತು.

ಮೊನ್ನೆ ಮತ್ತೆ ಡಾಕ್ಟರ ಬಳಿಗೆ ಹೊರಟೆವು. ರೈಲು ಎರ್ನಾಕುಳಂನಿಂದ. ಅವಳು ಕೈಯಲ್ಲಿ ಕೊಡೆ ಹಿಡಿದು ಬೋಟು ಹತ್ತಿದಳು. ನಾನು ಜೆಟ್ಟಿಯ ಅಂಚಿಗೆ ಬಂದೆ. ನಡುವೆ ಗೇಣಗಲ ನೀರು. ಕಾಲು ಏಳಲಿಲ್ಲ.

"ಬರ್ರೀ, ಸಾಕು ನಿಮ್ಮ ನಾಟ್ಕ! ಈ ವಯಸ್ಸಲ್ಲೂನಾ?"

"ಚೇಟ್ಟಾ, ವೇಗಂ ಕೇರಿಕ್ಕೋ," ಎಂದು ಹಗ್ಗ ಹಿಡಿದವನು ಹತ್ತಲು ಅವಸರಪಡಿಸಿದ. ಇವರದ್ದು ಯಾವಾಗಲೂ ಇದೇ ಆಟ ಎಂದು ಅವಳು ಅವನಿಗೆ ಮಲಯಾಳಂನಲ್ಲಿ ಹೇಳಿ ನಕ್ಕಳು. ಆಮೇಲೆ ನನ್ನ ಎಡಹುಬ್ಬು ನೋಡಿದಳು. ನೋಡುತ್ತಾ ನೋಡುತ್ತಾ ಅವಳ ನಗು ನಿಂತಿತು.

"ಕೊಡೆ," ಎಂದೆ. ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. "ಕಾಲ್ ಮುಂದೆ ಅಡ್ಡ ಹಿಡಿ."

ಏನು, ಎತ್ತ ಎಂದು ಕೇಳದೆ ಅವಳು ಬಾಗಿ, ಮಡಿಸಿದ ಕೊಡೆಯನ್ನು ನನ್ನ ಚಪ್ಪಲಿಯ ಮುಂದೆ ಅಡ್ಡ ಹಿಡಿದಳು. ನೀರನ್ನು ಬಿಟ್ಟು ಕೊಡೆಯನ್ನೇ ನೋಡಿದೆ. ಬಲಗಾಲು ಎದ್ದಿತು. ಹಗ್ಗದವನು ರಟ್ಟೆ ಹಿಡಿದು ಒಳಗೆಳೆದುಕೊಂಡ.

ಬೋಟು ಹೊರಟ ಮೇಲೂ ಅವಳು ಕೂರಲಿಲ್ಲ.

"ಕೊಡೆ ವಿಷ್ಯ ಯಾರ್ ಹೇಳಿದ್ದು ನಿಮ್ಗೆ?"

"ಯಾರೂ ಇಲ್ಲ. ನಾಟ್ಕ ಕಣೇ! ಹೆಂಗೆ ಬಗ್ಗಿಸ್ಬಿಟ್ಟೆ ನೋಡು ನಿನ್ನ!"

"ನಾಟ್ಕನಾ? ಹಂಗಾದ್ರೆ ಹುಬ್ಬು ಹಾರ್ಸಿ, ನೋಡೋಣ."

ಹಾರಿಸಿದೆ. ಅವಳು ನನ್ನ ಮುಖವನ್ನೇ ನೋಡುತ್ತಾ ಇನ್ನೂ ಕಾಯುತ್ತಿದ್ದಳು.