ತೆಪ್ಪದವನು ಕೊಯ್ದ ದಾರ

ಹೊಳೆಯನ್ನು ತಾಯಿಯೆಂದು ನಂಬಿಯೂ ಅದರ ಮುನಿಸನ್ನು ಮರೆಯದವರು. ಐವತ್ತು ಮಳೆಗಾಲದ ನೀರನ್ನು ಕಂಡೂ ನೀರನ್ನು ಬಲ್ಲೆನೆಂದು ಒಮ್ಮೆಯೂ ನುಡಿಯದವರು. ತಮ್ಮ ತೆಪ್ಪವನ್ನೇರಿದವರ ಕುಲವನ್ನಾಗಲಿ ಅಂತಸ್ತನ್ನಾಗಲಿ ಕೇಳದೆ, ಈಜು ಬರುತ್ತದೆಯೇ ಎಂಬುದೊಂದನ್ನೇ ಕೇಳುತ್ತಿದ್ದವರು. ಹಿಡಿದ ಮೀನನ್ನು ಕೂಸಿನಂತೆ ಎರಡು ಕೈಯಲ್ಲಿ ಎತ್ತಿ ನೀರಿಗೆ ಮರಳಿಸುವಾಗ ತುಟಿಯೊಳಗೇ ಕ್ಷಮೆ ಬೇಡುತ್ತಿದ್ದವರು. ಉಂಡ ಮನೆಯನ್ನು ನೆನೆಯುವವರು, ತಾವು ಉಣಿಸಿದ್ದನ್ನು ಮರೆಯುವವರು. ಮಾತಿಗೆ ಮಿತ, ನಗೆಗೆ ಧಾರಾಳ. ಬಾಳಿನಲ್ಲಿ ಒಂದೇ ಒಂದು ಸುಳ್ಳನ್ನಾಡಿ, ಅದರ ಭಾರಕ್ಕೆ ಮೂವತ್ತು ವರ್ಷ ಬಾಗಿ ನಡೆದವರು. ಇಂಥವರೊಬ್ಬರು ಕನಕಪುರದಿಂದ ಸಂಗಮಕ್ಕೆ ಇಳಿಯುವ ದಾರಿಯ ಹಳ್ಳಿಯೊಂದರಲ್ಲಿ ಇದ್ದಾರೆ. ಅವರ ಹೆಸರು ಬೋರಲಿಂಗಯ್ಯ.

ವಯಸ್ಸು ಎಪ್ಪತ್ತೆರಡು. ಮಡದಿ ಮುನಿಯಮ್ಮ. ಮಗ ಮಧುಕುಮಾರ್ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾನೆ. ಸೊಸೆ ರಮ್ಯಾ ಹುಳುಮನೆಯ ಕೆಲಸದಲ್ಲಿ ಅವನಿಗಿಂತ ಒಂದು ಕೈ ಮೇಲು. ಮೊಮ್ಮಗಳು ಸಿರಿ ಕನಕಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಬೋರಲಿಂಗಯ್ಯನವರಿಗೆ ಈಗ ಮಾಡಲೇಬೇಕಾದ ಕೆಲಸವೆಂಬುದಿಲ್ಲ. ಬೆಳಗ್ಗೆ ಜಗಲಿಯ ಮೇಲೆ ಕುಳಿತು ಬಿದಿರು ಸೀಳಿ ಮಂಕರಿ ಹೆಣೆಯುತ್ತಾರೆ. ತೆಪ್ಪ ಹೆಣೆದ ಕೈ ಸುಮ್ಮನಿರಲಾರದು. ಹೆಣೆಯುತ್ತಲೇ, ಯಾರಾದರೂ ಕೇಳಿದರೆ, ಹಳೆಯ ಕಾಲದ ಬಾಡಿಗೆ ತೆಪ್ಪಗಳ ಕಥೆಯನ್ನು ಹೇಳುತ್ತಾರೆ.

ಆ ಕಾಲದಲ್ಲಿ ದೀಪಾವಳಿ ಕಳೆದು ಹೊಳೆಯ ನೀರು ತಿಳಿಯಾಯಿತೆಂದರೆ ಗಾಣ ಹಾಕಿ ಮೀನು ಹಿಡಿಯುವ ಶೋಕಿಯುಳ್ಳವರು ಸಂಗಮದ ಕಡೆಗೆ ಬರತೊಡಗುತ್ತಿದ್ದರು. ಬೆಂಗಳೂರಿನವರು, ಮೈಸೂರಿನವರು, ಒಮ್ಮೊಮ್ಮೆ ಕಡಲಾಚೆಯವರೂ ಬರುತ್ತಿದ್ದರು. ಬೆಳಗಿನಿಂದ ಬೈಗಿನವರೆಗೆ ಒಂದು ತೆಪ್ಪವನ್ನು ಒಬ್ಬ ಅತಿಥಿ ಬಾಡಿಗೆಗೆ ಹಿಡಿಯುವುದು. ಅತಿಥಿಯ ಕೈಯಲ್ಲಿ ಗಾಣದ ಕೋಲು, ತೆಪ್ಪದವನ ಕೈಯಲ್ಲಿ ಹುಟ್ಟು. ಎಲ್ಲರೂ ಬಯಸುತ್ತಿದ್ದುದು ಬಿಳಿಮೀನನ್ನು. ಆಳುದ್ದ ಬೆಳೆಯುವ, ಹೊಳೆಯ ಸೆಳೆತಕ್ಕೆ ಎದುರಾಗಿ ಈಜುವ, ಗಾಣ ಕಚ್ಚಿದರೆ ತೆಪ್ಪವನ್ನೇ ಎಳೆದೊಯ್ಯುವ ಮೀನು ಅದು. ಹಿಡಿದು ತೂಗಿದ ಮೇಲೆ ನೀರಿಗೇ ಬಿಡಬೇಕೆಂಬುದು ದಡದ ಕಟ್ಟಳೆ.

ಆ ಮೀನಿಗೆ ಒಡ್ಡುತ್ತಿದ್ದ ಎರೆಯಾದರೋ ನಮ್ಮ ನಾಡಿನ ರಾಗಿ. ರಾಗಿಹಿಟ್ಟನ್ನು ಗಟ್ಟಿಯಾಗಿ ನಾದಿ, ಸೋಂಪು ಅರಿಸಿನ ಬೆರೆಸಿ, ನಿಂಬೆಯ ಗಾತ್ರದ ಉಂಡೆ ಕಟ್ಟಿ, ಕಲ್ಲಿನಂತಾಗುವವರೆಗೆ ಕುದಿಸಬೇಕು. ಅದು ಮುನಿಯಮ್ಮನವರ ಕೈಗುಣ. ದಿನದ ಮೊದಲ ಉಂಡೆಯನ್ನು ಗಾಣವಿಲ್ಲದೆ ಹೊಳೆಗೆ ಹಾಕಬೇಕು. ಅದು ಗಂಗಮ್ಮನ ಪಾಲು. ಇನ್ನೊಂದು ಕಟ್ಟಳೆ ಇವೆಲ್ಲಕ್ಕಿಂತ ಬಿಗಿಯಾದುದು: ಹುಟ್ಟು ಹಿಡಿದವನು ಅತಿಥಿಯ ದಾರವನ್ನು ಮುಟ್ಟಕೂಡದು. ಮೀನು ಸಿಕ್ಕರೂ ಅತಿಥಿಯದು, ತಪ್ಪಿಸಿಕೊಂಡರೂ ಅತಿಥಿಯದು. ದಾರ ಮುಟ್ಟಿದವನೆಂದು ಹೆಸರು ಬಂದರೆ ಅವನ ತೆಪ್ಪವನ್ನು ಮತ್ತೆ ಯಾರೂ ಏರುತ್ತಿರಲಿಲ್ಲ.

ಅಂಥ ಅತಿಥಿಗಳಲ್ಲಿ ಒಬ್ಬರು ರಾಮನಗರದ ಮುನಾವರ್ ಸಾಹೇಬರು. ರೇಷ್ಮೆಗೂಡಿನಿಂದ ನೂಲು ಬಿಚ್ಚುವ ರೀಲರ್. ಕೂದಲಿಗಿಂತ ನವಿರಾದ ಎಳೆ ಹರಿದಾಗ ಎರಡು ತುದಿಗಳನ್ನು ಕಣ್ಣೆವೆ ಇಕ್ಕುವುದರೊಳಗೆ ಗಂಟಿಕ್ಕುವುದರಲ್ಲಿ ಗೂಡಿನ ಮಾರುಕಟ್ಟೆಗೆಲ್ಲ ಹೆಸರಾದವರು. ಅವರು ಮೊದಲ ಬಾರಿ ಬಂದ ದಿನದ ಪ್ರಸಂಗವನ್ನು ಬೋರಲಿಂಗಯ್ಯನವರು ಇಂದಿಗೂ ನಗದೆ ಹೇಳಲಾರರು. ಮುನಿಯಮ್ಮನವರು ಎರಡು ಗಂಟು ಕಟ್ಟಿ ಕಳಿಸಿದ್ದರು. ಒಂದರಲ್ಲಿ ಊಟದ ಮುದ್ದೆ, ಇನ್ನೊಂದರಲ್ಲಿ ಮೀನಿಗೊಡ್ಡುವ ಉಂಡೆ. ತೆಪ್ಪದಲ್ಲಿ ಗಂಟು ಅದಲುಬದಲಾಯಿತು. ಬೆಳಗಿನಿಂದ ಗಾಣಕ್ಕೆ ಸಿಕ್ಕಿಸಿದ ಎರೆಯೆಲ್ಲ ನೀರಲ್ಲಿ ಕರಗಿಹೋಗುತ್ತಿದೆ. ಮಧ್ಯಾಹ್ನ ಬಂಡೆಯ ನೆರಳಲ್ಲಿ ಊಟಕ್ಕೆ ಕುಳಿತ ಸಾಹೇಬರು ಸೊಪ್ಪಿನ ಸಾರಿನಲ್ಲಿ ಉಂಡೆಯನ್ನು ಅದ್ದಿ ಅದ್ದಿ ಅಗಿಯುತ್ತಿದ್ದಾರೆ.

“ಏನ್ ಬೋರಣ್ಣ, ಮುದ್ದೆ ನುಂಗ್ಬೇಕು ಅಂತಿದ್ರಿ. ಇದು ಹಲ್ಲಿಗೇ ಬಗ್ತಾ ಇಲ್ವಲ್ಲ?”

ಪಕ್ಕದ ತೆಪ್ಪದ ಹುಚ್ಚಯ್ಯ ಅದನ್ನು ಕಂಡವನೇ ದಡವೆಲ್ಲ ಕೇಳುವಂತೆ ಕೂಗಿದ: “ಲೇ ಬೋರ! ಇವತ್ತು ನಿನ್ ಗಾಣಕ್ಕೆ ಬಿದ್ದಿರೋದು ಸಾಬ್ರು ಕಣ್ಲಾ! ತೂಗಿ ನೀರಿಗೆ ಬುಟ್ಬುಡ್ಲಾ!”

ಎಲ್ಲರಿಗಿಂತ ಹೆಚ್ಚು ನಕ್ಕವರು ಸಾಹೇಬರೇ. ಆ ನಗೆಯಿಂದ ಸ್ನೇಹ ಮೊದಲಾಯಿತು. ಮುಂದಿನ ವಾರ ಅವರು ತಮ್ಮ ಘಟಕದಿಂದ, ನೂಲು ತೆಗೆದ ಮೇಲೆ ಉಳಿಯುವ ಗೂಡಿನ ಹುಳುವನ್ನು ಒಣಗಿಸಿ ಪುಡಿಮಾಡಿ ತಂದರು. ಮುನಿಯಮ್ಮನವರು ಮೂಗು ಮುಚ್ಚಿಕೊಂಡೇ ಅದನ್ನು ರಾಗಿಯಲ್ಲಿ ಬೆರೆಸಿದರು. ಕನಕಪುರದ ರಾಗಿಯೂ ರಾಮನಗರದ ಹುಳುವೂ ಕೂಡಿದ ಆ ಉಂಡೆಗೆ ಮಡುವಿನ ಮೀನುಗಳು ಮಾರುಹೋದವು. ಅಲ್ಲಿಂದ ಪ್ರತಿ ಚಳಿಗಾಲವೂ ಸಾಹೇಬರು ಬೋರಲಿಂಗಯ್ಯನವರ ತೆಪ್ಪವನ್ನಲ್ಲದೆ ಬೇರೊಂದನ್ನು ಏರಲಿಲ್ಲ.

ಹೀಗೆ ಏಳೆಂಟು ವರ್ಷ ಕಳೆದ ಮೇಲೆ ಪುಷ್ಯಮಾಸದ ಒಂದು ಹಗಲು ಬಂದಿತು. ಹಳೆಯ ದಾರ ಸಾಲದೆಂದು ಸಾಹೇಬರು ಅಂದು ಬೆಳಗ್ಗೆ ಅದರ ತುದಿಗೆ ಹೊಸ ನೈಲಾನಿನ ತಂಗೂಸಿ ದಾರವನ್ನು ತಮ್ಮ ಕೈಯಾರೆ ಗಂಟಿಕ್ಕಿದ್ದರು. ನಡುಹಗಲಿಗೆ ಮೀನು ಕಚ್ಚಿತು. ಅದರ ಬೆನ್ನು ಒಮ್ಮೆ ಮಾತ್ರ ಕಂಡಿತಂತೆ, ಕಂಚಿನ ಕೊಡವೊಂದು ನೀರಿನಲ್ಲಿ ಮಗುಚಿದ ಹಾಗೆ. ಆಮೇಲೆ ಅದು ಹೊಳೆಯ ಇಳಿಮುಖವಾಗಿ ಓಡತೊಡಗಿತು. ತೆಪ್ಪ ಬುಗುರಿಯಂತೆ ತಿರುಗುತ್ತ ಅದರ ಹಿಂದೆ ನಡೆಯಿತು. ಮುಂದೆ ಬಂಡೆಗಳ ನಡುವೆ ಹೊಳೆ ಕಿರಿದಾಗಿ ನುಗ್ಗುವ ಇಕ್ಕಟ್ಟು. ಅದರೊಳಗೆ ಹೋದ ತೆಪ್ಪವು ಇಡಿಯಾಗಿ ಹೊರಬಂದುದನ್ನು ಯಾರೂ ಕಂಡಿರಲಿಲ್ಲ.

“ಬುಡಿ ಸಾಬ್ರೇ, ದಾರ ಬುಡಿ! ಮುಂದೆ ಇಕ್ಕಟ್ಟು ಐತೆ!”

“ಒಸಿ ತಡಿ ಬೋರಣ್ಣ! ಅದಕ್ಕೆ ಸುಸ್ತಾಗೈತೆ!”

“ಸುಸ್ತಾಗಿರೋದು ಅದಕ್ಕಲ್ಲ, ನಮ್ಗೆ! ಬುಡಿ ಅಂದೆ!”

ದಾರ ಸಡಿಲವಾಗಲಿಲ್ಲ. ಬೋರಲಿಂಗಯ್ಯನವರು ಹುಟ್ಟು ಹಾಕುತ್ತಲೇ ಬಗ್ಗಿ ನೋಡಿದರು. ನೂಲಿನ ಕಸುಬಿನವರ ಅಭ್ಯಾಸ. ಸಾಹೇಬರು ತಮಗರಿವಿಲ್ಲದೆ ದಾರವನ್ನು ಎಡಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದರು. ಈಗ ಬಿಡಬೇಕೆಂದರೂ ಬಿಡಲಾಗದು. ದಾರ ಅಂಗೈಯೊಳಗಿಳಿದು ರಕ್ತ ಜಿನುಗುತ್ತಿತ್ತು. ಕೋಲಿನ ತುದಿ ಬಾಗಿ ತೆಪ್ಪದ ಅಂಚಿಗೆ ತಾಗಿತ್ತು. ಇಕ್ಕಟ್ಟಿನ ಭೋರ್ಗರೆತ ಕಿವಿ ತುಂಬಿತ್ತು. ಬೋರಲಿಂಗಯ್ಯನವರು ಸೊಂಟದ ಚೂರಿಯನ್ನು ತೆಗೆದು, ಕೈ ಚಾಚಿ, ಕೋಲಿನ ತುದಿಯಾಚೆ ದಾರವನ್ನು ಕೊಯ್ದರು. ಸಾಹೇಬರು ಹಿಂದಕ್ಕೆ ಬಿದ್ದರು. ಮುಖದ ಮೇಲಿನ ನೀರನ್ನು ಅವರು ಒರೆಸಿಕೊಳ್ಳುವುದರೊಳಗೆ ಚೂರಿ ಸೊಂಟಕ್ಕೆ ಮರಳಿತ್ತು, ತೆಪ್ಪ ದಡಕ್ಕೆ ತಿರುಗಿತ್ತು.

“ಏನಾಯ್ತು ಬೋರಣ್ಣ?”

“ಹರೀತು ಸಾಬ್ರೇ.”

ಬಾಳಿನ ಆ ಒಂದು ಸುಳ್ಳು ಇದು. ದಡದಲ್ಲಿ ಹೊಸ ಅತಿಥಿಗಳು ನಾಲ್ವರು ನಿಂತು ನೋಡುತ್ತಿದ್ದರು. ಅಷ್ಟು ದೊಡ್ಡ ಮೀನು ತೆಪ್ಪದವನಿಂದಲೇ ಹೋಯಿತೆಂದು ಒಬ್ಬರು ಗೊಣಗಿದಾಗ ಸಾಹೇಬರು ಕೈಯೆತ್ತಿ ತಡೆದರು. “ಅವನ ತಪ್ಪಲ್ಲ. ನಾನು ಹಾಕಿದ ಗಂಟೇ ಜಾರ್ತು,” ಎಂದರು.

ಈ ಮಾತು ರಾಮನಗರವನ್ನು ತಲುಪಲು ಎರಡು ದಿನವೂ ಬೇಕಾಗಲಿಲ್ಲ. ಗಂಟಿಗೆ ಹೆಸರಾದವರ ಗಂಟು ಜಾರಿತೆಂದರೆ ಜೊತೆಗಾರರು ಬಿಟ್ಟಾರೆಯೇ? ಮದುವೆಮನೆಯಲ್ಲಿ, ಗೂಡಿನ ಹರಾಜಿನಲ್ಲಿ, ಚಹಾದ ಅಂಗಡಿಯಲ್ಲಿ ಅದೇ ಹಾಸ್ಯ. ಕಾಡಿನ ಕಾನೂನು ಬಿಗಿಯಾಗಿ ಗಾಣ ಹಾಕುವುದು ನಿಂತಿತು. ಬಾಡಿಗೆ ತೆಪ್ಪಗಳು ಹೋದವು. ಹಾಸ್ಯ ಮಾತ್ರ ಉಳಿಯಿತು. ಸಾಹೇಬರು ನಗುತ್ತ ತಾವೇ ಆ ಕಥೆಯನ್ನು ಹೇಳುತ್ತಿದ್ದರು. ಪಕ್ಕದಲ್ಲಿ ಕುಳಿತ ಬೋರಲಿಂಗಯ್ಯನವರು ಪ್ರತಿ ಬಾರಿಯೂ ತಲೆ ತಗ್ಗಿಸುತ್ತಿದ್ದರು. ನಿಜವನ್ನಾಡಿದರೆ ಮೊದಲು ಅನ್ನ ಹೋಗುತ್ತಿತ್ತು. ಅನ್ನದ ಭಯ ಕಳೆದ ಮೇಲೆ ಸ್ನೇಹಿತನು ಹೋದಾನೆಂಬ ಭಯ ಉಳಿಯಿತು.

ಕಳೆದ ಮಾರ್ಗಶಿರದಲ್ಲಿ ಸಾಹೇಬರು ಮಗನ ಕಾರಿನಲ್ಲಿ ಬಂದಿಳಿದರು. ಮೊಮ್ಮಗಳು ಸಾನಾಳ ಮದುವೆಯ ಕರೆ. ಜೊತೆಗೆ ಒಂದು ಬಟ್ಟೆಯ ಚೀಲ.

“ಚನ್ನಪಟ್ಟಣದ ಬೀಗರು ಭಾರಿ ಮಾತುಗಾರರು ಬೋರಣ್ಣ. ನನ್ನ ಗಂಟಿನ ಕಥೆ ಆಗ್ಲೇ ಅವರ ಕಿವಿಗೆ ಬಿದ್ದೈತೆ. ನೀನು ಪಕ್ಕದಲ್ಲಿ ಕೂತ್ಕೋ, ನಾನು ಹೇಳ್ತೀನಿ.”

ಬೋರಲಿಂಗಯ್ಯನವರು ಹೂಂಗುಟ್ಟಿ ನೀರು ತರುವ ನೆಪದಲ್ಲಿ ಒಳಗೆ ಹೋದರು. ಒಲೆಯ ಮುಂದಿದ್ದ ಮುನಿಯಮ್ಮನವರಿಗೆ ಮುಖ ನೋಡಿದರೆ ಸಾಕಿತ್ತು. ಆ ಸುಳ್ಳನ್ನು ಬಲ್ಲವರು ಅವರೊಬ್ಬರೇ.

“ಇವತ್ತಾದ್ರೂ ಹೇಳ್ಬುಡಿ.”

“ಮದ್ವೆ ಮುಂದಿಟ್ಕೊಂಡು ಅವ್ರ ಮನಸು ಕೆಡಿಸ್ಲಾ?”

“ಕೆಟ್ಟಿರೋದು ನಿಮ್ಮದು. ಅವ್ರಿಗೆ ಬೀಗ್ರ ಮುಂದೆ ಯಾಕ್ರೀ ಅವಮಾನ? ಉಂಡೆ ಬೇಯಿಸಿದ್ದೀನಿ. ಹೊಳೆತಾವ ಕರ್ಕೊಂಡು ಹೋಗಿ, ಗಂಗಮ್ಮನ ಮುಂದೆ ಹೇಳಿ.”

ಇಬ್ಬರು ವೃದ್ಧರೂ ಹೊಳೆಗೆ ಹೋದರು. ಬಿಸಿಲು ಹಿತವಾಗಿತ್ತು. ಅರ್ಕಾವತಿಯು ಕಾವೇರಿಯನ್ನು ಕೂಡುವ ಎಡೆಯಲ್ಲಿ, ಹಿಂದೆ ಊಟಕ್ಕೆ ಕುಳಿತ ಬಂಡೆಯ ಮೇಲೆಯೇ ಕುಳಿತರು. ಬೋರಲಿಂಗಯ್ಯನವರು ಉಂಡೆಯನ್ನು ನೀರಿಗೆ ಹಾಕಿ ಕೈಮುಗಿದರು. ಸ್ನೇಹಿತನ ಕಡೆಗೆ ತಿರುಗದೆ, ಹೊಳೆಯನ್ನೇ ನೋಡುತ್ತ ನುಡಿದರು.

“ಸಾಬ್ರೇ, ನಿಮ್ ಗಂಟು ಜಾರ್ಲಿಲ್ಲ. ದಾರ ಕೊಯ್ದೋನು ನಾನು.”

ಸಾಹೇಬರು ಜೊತೆಗೇ ತಂದಿದ್ದ ಬಟ್ಟೆಯ ಚೀಲದಿಂದ ಅಂದಿನ ಗಾಣದ ಕೋಲಿನ ಹಳೆಯ ರೀಲನ್ನು ತೆಗೆದು ಬೋರಲಿಂಗಯ್ಯನವರ ತೊಡೆಯ ಮೇಲಿಟ್ಟರು.

“ತುದಿ ನೋಡು.”

ದಾರ ಹಳದಿಯಾಗಿತ್ತು. ತುದಿಗಿಂತ ಗೇಣುದ್ದ ಹಿಂದೆ, ಹಳೆಯ ದಾರವನ್ನೂ ಹೊಸ ದಾರವನ್ನೂ ಬೆಸೆದ ಸಾಹೇಬರ ಗಂಟು ಸಾಸಿವೆಕಾಳಿನಂತೆ ಗಟ್ಟಿಯಾಗಿ ಕುಳಿತಿತ್ತು.

“ಎಳ್ದು ಕಿತ್ತ ದಾರ ತುದೀಲಿ ಸಣ್ಣಗಾಗಿ ಸುರುಳಿ ಸುತ್ಕೊಂಡಿರ್ತದೆ. ಇದು ಮೊಂಡಾಗೈತೆ. ಹತ್ತು ವರ್ಷದ ಹುಡುಗ ಆಗಿದ್ದಾಗಿಂದ ಎಳೆ ಮುಟ್ಟಿದ ಬೆರಳು ಬೋರಣ್ಣ ಇವು. ತೆಪ್ಪ ದಡ ಮುಟ್ಟೋದ್ರೊಳಗೇ ಗೊತ್ತಾಯ್ತು ನಂಗೆ.”

“ಗೊತ್ತಿದ್ದೂ ಗಂಟು ಜಾರ್ತು ಅಂದ್ರಾ?”

“ಇನ್ನೇನನ್ಲಿ? ದಡದಲ್ಲಿ ನಾಲ್ಕು ಜನ ನಿಂತಿದ್ರು. ದಾರ ಕೊಯ್ಯೋ ತೆಪ್ಪದವನ್ನ ಯಾರು ಕರೀತಿದ್ರು? ನನ್ ಕೈ ಉಳಿಸ್ದೆ, ಜೀವ ಉಳಿಸ್ದೆ. ನಿನ್ ಅನ್ನ ಉಳಿಸೋಕೆ ನನ್ನ ಒಂದು ಗಂಟು ಹೋದ್ರೆ ಹೋಗ್ಲಿ ಅಂದ್ಕೊಂಡೆ.”

“ಆಮೇಲಾದ್ರೂ ಒಂದ್ ಮಾತು ಹೇಳ್ಬಾರ್ದಾಗಿತ್ತಾ? ಮೂವತ್ತು ವರ್ಷ ಸಾಬ್ರೇ!”

“ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಪ್ರತಿ ಸಲ ನಿನ್ ಮುಂದೇನೇ ಆ ಕಥೆ ಯಾಕೆ ತೆಗೀತಿದ್ದೆ ಅಂತೀಯಾ? ನಿಂದು ಈ ಬಂಡೆಗಿಂತ ಗಟ್ಟಿ ಬಾಯಿ ಕಣಯ್ಯ. ಈ ಸಲಾನೂ ಬಾಯಿ ಬಿಡದಿದ್ರೆ ತೋರ್ಸೇಬುಡೋಣ ಅಂತ ರೀಲು ತಂದೆ.”

ಬೋರಲಿಂಗಯ್ಯನವರು ಅತ್ತರೋ ನಕ್ಕರೋ ಅವರಿಗೇ ತಿಳಿಯಲಿಲ್ಲವಂತೆ. ಸಾಹೇಬರು ಅವರ ಬೆನ್ನಿಗೊಂದು ಗುದ್ದಿ, “ಮುದ್ದೆ ಆಗಿರ್ತದೆ, ಏಳು. ಮುನಿಯಮ್ಮ ತಂಗೀನ ಕೇಳು, ಯಾವ ಗಂಟಿನದು ಅಂತ,” ಎಂದರು.

ಮದುವೆಯ ದಿನ ರಾಮನಗರದ ಛತ್ರದಲ್ಲಿ ಚನ್ನಪಟ್ಟಣದ ಬೀಗರು ಕೇಳಿಯೇ ಕೇಳಿದರು. ಸಾಹೇಬರು ಬಾಯಿ ತೆರೆಯುವ ಮೊದಲೇ ಬೋರಲಿಂಗಯ್ಯನವರು ಎದ್ದು ನಿಂತರು. ಮಿತಭಾಷಿಗಳಾದ ಅವರು ಅಂದು ಯಾವುದನ್ನೂ ಬಿಡದೆ ಹೇಳಿದರು: ಇಕ್ಕಟ್ಟನ್ನು, ಚೂರಿಯನ್ನು, ತಮ್ಮ ಸುಳ್ಳನ್ನು. ರೀಲು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಅಲ್ಲಿದ್ದವರಲ್ಲಿ ಅರ್ಧ ಜನ ನೂಲಿನವರು. ಗಂಟನ್ನು ಉಗುರಿನಿಂದ ಎಳೆದೆಳೆದು ನೋಡಿ, ಮೂವತ್ತು ವರ್ಷದ ಹಾಸ್ಯವನ್ನು ಹಿಂತೆಗೆದುಕೊಂಡರು. ಸಾಹೇಬರ ಮಡದಿ ನಿಖಾತ್ ಬೀಬಿಯವರು ಗಂಡನ ಎಡ ಅಂಗೈಯನ್ನು ಬಿಡಿಸಿ, ಅಡ್ಡಲಾಗಿ ಉಳಿದಿದ್ದ ಬಿಳಿಯ ಗೆರೆಯನ್ನು ನೋಡಿದರು.

“ಬಿಸಿ ನೀರಿನ ಬಾಣಲಿ ತಾಗಿದ್ದು ಅಂದಿದ್ರಿ!”

“ಅದೂ ಒಂದು ಸುಳ್ಳು,” ಎಂದರು ಸಾಹೇಬರು, ಬೋರಲಿಂಗಯ್ಯನವರ ಹಿಂದೆ ಸರಿಯುತ್ತ.

ಛತ್ರವೆಲ್ಲ ನಕ್ಕಿತು. ಸಂಜೆಯ ಬಸ್ಸಿನಲ್ಲಿ ಕನಕಪುರಕ್ಕೆ ಮರಳುವಾಗ ಬೋರಲಿಂಗಯ್ಯನವರು ಕಿಟಕಿಯ ಪಕ್ಕದಲ್ಲಿ ಬೆನ್ನು ನೇರವಾಗಿಸಿ ಕುಳಿತಿದ್ದರೆಂದೂ, ಅವರನ್ನು ಹಾಗೆ ಕಂಡು ಬಹಳ ಕಾಲವಾಗಿತ್ತೆಂದೂ ಮುನಿಯಮ್ಮನವರು ಹೇಳುತ್ತಾರೆ. ಆ ರೀಲು ಈಗ ಅವರ ದೇವರಗೂಡಿನಲ್ಲಿದೆ.

ಎರಡು ಹೊಳೆಗಳನ್ನು ಒಂದುಮಾಡಿ ಅವುಗಳ ತಡಿಯಲ್ಲಿ ನೆಲಸಿರುವ ಸಂಗಮೇಶ್ವರನು ಬೋರಲಿಂಗಯ್ಯನವರಿಗೆ ನೆಟ್ಟನೆಯ ಬೆನ್ನನ್ನೂ ನಿಶ್ಚಿಂತೆಯ ನಿದ್ರೆಯನ್ನೂ ಕರುಣಿಸಲಿ. ಮುನಿಯಮ್ಮನವರ ಕೈಯ ರಾಗಿ ಎಂದಿಗೂ ತೀರದಿರಲಿ; ಮಧುಕುಮಾರ್ ರಮ್ಯಾರ ಹುಳುಮನೆಯಲ್ಲಿ ಗೂಡು ತುಂಬಿ ಕಟ್ಟಲಿ; ಸಿರಿಯ ಓದು ಮೇಲೇರಲಿ. ಈ ಮನೆಯನ್ನೂ ರಾಮನಗರದ ಆ ಮನೆಯನ್ನೂ ಬೆಸೆದ ಗಂಟು ಮಕ್ಕಳ ಮಕ್ಕಳ ಕಾಲಕ್ಕೂ ಜಾರದೆ ಉಳಿಯಲಿ.